ಹುಟ್ಟು ಹಾಕಲಾ, ಫೋಟೊ ತೆಗೆಯಲಾ?

ಪ್ರಶ್ನೆ: ತಮ್ಮನ ಮಗಳು ಉಗಾಂಡಾದ ಕಂಪಾಲಾದಲ್ಲಿದ್ದಾಳೆ. ಜುಲೈನಲ್ಲಿ ನನ್ನನ್ನು ಬುನ್ಯೋನಿ ಸರೋವರಕ್ಕೆ ಕರೆದುಕೊಂಡು ಹೋಗುತ್ತಾಳಂತೆ. ಅಲ್ಲಿ ಮರದ ದೋಣಿಯನ್ನು ನಾವೇ ನಡೆಸಬಹುದಂತೆ. ದೋಣಿ ನಡೆಸುತ್ತಾ ಫೋಟೊ ತೆಗೆಯಲು ಆಗುತ್ತದಾ?
– ನಿವೃತ್ತ ಮೇಷ್ಟ್ರು, ಸಾಗರ

ಉತ್ತರ: ಮೇಷ್ಟ್ರೇ, ಎರಡೂ ಒಟ್ಟಿಗೆ ಬೇಡ. ಅಲ್ಲಿನ ದೋಣಿ ನೀಲಗಿರಿ ಮರದ ದಿಮ್ಮಿಯನ್ನು ಕೊರೆದು ಮಾಡಿದ್ದು. ತಳ ಗುಂಡಗಿರುತ್ತದೆ. ಹೊಸಬರು ಹುಟ್ಟು ಹಾಕಿದರೆ ಮುಂದೆ ಹೋಗುವ ಬದಲು ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಅಲ್ಲಿಯವರೇ ಒಬ್ಬರನ್ನು ಹುಟ್ಟು ಹಾಕಲು ಹಿಂದೆ ಕೂರಿಸಿ, ನೀವು ಮುಂದೆ ಕೂತುಕೊಳ್ಳಿ. ಆ ಕೂಲಿ ಉಳಿಸಲು ಹೋಗಬೇಡಿ. ನೀರಿನ ಮೇಲೆ ತೆಗೆದ ಒಳ್ಳೆಯ ಫೋಟೊದಲ್ಲಿ ಅರ್ಧ ಪಾಲು ದೋಣಿಯವರದ್ದೇ ಅನ್ನುವುದು ನನ್ನ ನಂಬಿಕೆ.

ಶರಾವತಿ ಹಿನ್ನೀರಿನಲ್ಲಿ ನಾನು ಮಾಡುವುದು ಹೀಗೆ. ಹಕ್ಕಿ ಇನ್ನೂ ದೂರ ಇರುವಾಗಲೇ ಹುಟ್ಟು ಮೇಲೆತ್ತಲು ಹೇಳುತ್ತೇನೆ. ದೋಣಿ ತಾನಾಗಿ ತೇಲಿಕೊಂಡು ಹತ್ತಿರ ಹೋಗುತ್ತದೆ, ಸದ್ದೇ ಇರುವುದಿಲ್ಲ. ಹುಟ್ಟಿನಿಂದ ತೊಟ್ಟಿಕ್ಕುವ ನೀರಿಗೂ ಮಿಂಚುಳ್ಳಿ ಹಾರಿಬಿಡುತ್ತದೆ, ಅದಕ್ಕೇ ಹುಟ್ಟನ್ನು ಮೆಲ್ಲಗೆ ದೋಣಿಯೊಳಗೆ ಮಲಗಿಸಬೇಕು. ಟ್ರೈಪಾಡ್ ಮನೆಯಲ್ಲೇ ಇರಲಿ. ಮೊಣಕೈಯನ್ನು ಮೊಣಕಾಲಿಗೆ ಊರಿ, ಶಟರ್ (ಕ್ಯಾಮೆರಾ ಕಣ್ಣು ತೆರೆದು ಮುಚ್ಚುವ ವೇಗ) 1/1000 ಸೆಕೆಂಡಿಗಿಂತ ನಿಧಾನ ಆಗದಂತೆ ನೋಡಿಕೊಳ್ಳಿ. ಹೋಗುವ ಮೊದಲು ನಿಮ್ಮೂರ ಹಿನ್ನೀರಿನಲ್ಲೇ ಒಂದು ಬೆಳಿಗ್ಗೆ ಅಭ್ಯಾಸ ಮಾಡಿ.

ಜುಲೈ ಒಳ್ಳೆಯ ಆಯ್ಕೆ. ನಮ್ಮಲ್ಲಿ ಜಡಿಮಳೆ ಹಿಡಿದಿರುವಾಗ ಅಲ್ಲಿ ಒಣಗಾಲ. ಆದರೆ ಸ್ವೆಟರ್ ಮರೆಯಬೇಡಿ. ಆ ಸರೋವರ ಇರುವುದೇ 1,900 ಮೀಟರ್‌ಗೂ ಮೇಲೆ, ಹೆಚ್ಚುಕಮ್ಮಿ ನಮ್ಮ ಮುಳ್ಳಯ್ಯನಗಿರಿ ತುದಿಯ ಎತ್ತರದಲ್ಲಿ! ಬೆಳಿಗ್ಗೆ ಮಂಜು ದ್ವೀಪಗಳ ಸುತ್ತ ಕೂತಿರುತ್ತದೆ. ಸೂರ್ಯ ಹುಟ್ಟುವುದು ಅಲ್ಲಿನ ಗಡಿಯಾರದಲ್ಲಿ ಏಳರ ಹೊತ್ತಿಗೆ. ಸಮಭಾಜಕ ವೃತ್ತ ಹತ್ತಿರ ಇರುವುದರಿಂದ ಬಿಸಿಲು ಬೇಗ ಮೇಲೇರುತ್ತದೆ, ಮೆದು ಬೆಳಕು ಸಿಗುವುದು ಸ್ವಲ್ಪ ಹೊತ್ತು ಮಾತ್ರ. ಆರೂವರೆಗೇ ದೋಣಿಯಲ್ಲಿರಿ. ಉಗಾಂಡಾದ ಬಾವುಟದಲ್ಲಿರುವ ಕಿರೀಟದ ಕೊಕ್ಕರೆ ಕಂಡರೆ ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಅದರ ಬಿಳಿ ಕೆನ್ನೆ ಬರೀ ಬಿಳಿ ಕಲೆಯಾಗಿ ಬರುತ್ತದೆ.

ಅಲ್ಲಿ ಮಕ್ಕಳು ಶಾಲೆಗೂ ದೋಣಿಯಲ್ಲೇ ಹೋಗುತ್ತಾರೆ. ನೋಡಿದ ಕೂಡಲೇ ಕ್ಯಾಮೆರಾ ಎತ್ತಬೇಡಿ. ಮೊದಲು ಕೈಬೀಸಿ, ದೋಣಿಯವರ ಮೂಲಕ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ನಮ್ಮ ಮಕ್ಕಳ ಫೋಟೊವನ್ನು ಯಾರೋ ಸುಮ್ನೆ ತೆಗೆದರೆ ನಮಗೂ ಕಸಿವಿಸಿ ಆಗುತ್ತದೆ, ಅಲ್ವಾ?

ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಹಳದಿ ಜ್ವರದ ಲಸಿಕೆಯ ಕಾರ್ಡ್ ಕಡ್ಡಾಯ, ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಲಸಿಕೆ ಆಗಿರಬೇಕು. ನಿಮಗೆ 60 ದಾಟಿದ್ದರೆ ಮೊದಲು ಡಾಕ್ಟರನ್ನು ಕೇಳಿ, ಟಿಕೆಟ್ ಆಮೇಲೆ ಮಾಡಿಸಿ.