ಶಹಾಪುರದ ಗುಡ್ಡ, ಸ್ಟುಟ್‌ಗಾರ್ಟಿನ ಕಚೇರಿ: ನೌಕರಿ ಹೋದ ತಮ್ಮಗ ಒಂದು ಉತ್ತರ

ತಮ್ಮಾ, ನಿನ್ನ ಉದ್ದನ ಪತ್ರ ಎರಡು ಸಲ ಓದಿದೆ. ಸ್ಟುಟ್‌ಗಾರ್ಟಿನ ಹತ್ರ ಕಾರಿನ ಬಿಡಿಭಾಗ ಮಾಡೋ ಕಂಪನಿ ನಿನ್ನ ವಿಭಾಗಾನೇ ಮುಚ್ಚ್ಯಾದ. ನವೆಂಬರ್ ಕೊನಿಗೆ ಕಾಗದ ಕೊಟ್ಟು, ಫೆಬ್ರವರಿ ಮುಗಿಯೋತನ ಪಗಾರ ಹಾಕ್ತೀವಿ, ಆಫೀಸಿಗೆ ಮಾತ್ರ ಬರೋದು ಬ್ಯಾಡ ಅಂದಾರ. ನೀ ಮೈಲಾಪುರ ಮಲ್ಲಯ್ಯನ ಜಾತ್ರಿ ಅಂತ ಯಾದಗಿರಿ ಕಡಿ ಬಂದಾಂವ, ಶಹಾಪುರದ ಮನ್ಯಾಗ ಕುಂತು ಬರ್ದೀದಿ. ದಿನಾ ಮುಂಜಾನಿ ಗುಡ್ಡ ಹತ್ತತಿ, ಇಳದು ಬಂದಮ್ಯಾಲ ಬೈಸ್ಕೋತಿ. ಮೂರು ಮಾತು ಕೇಳೀದಿ: ಮಾರ್ಚಿನ್ಯಾಗ ಕಲಬುರಗಿ ಶರಣಬಸವೇಶ್ವರ ಜಾತ್ರಿ ಮುಗಿಸ್ಕೊಂಡೇ ಜರ್ಮನಿಗೆ ಬಂದ್ರ ನಡೀತದೇನು, ನೌಕರಿ ಹುಡುಕೋ ಹೊತ್ತಿನ್ಯಾಗ ಗುಡ್ಡದ ಹುಚ್ಚು ಇಟ್ಕೊಳ್ಳೋದು ಸರಿಯೇನು, ಗೆಳ್ಯಾರ ಜೊತಿ ಮಾಡಿದ ಜೂನಿನ ಆಲ್ಪ್ಸ್ ಬುಕಿಂಗ್ ಏನು ಮಾಡ್ಲಿ.

ಮೊದಲನೇದಕ್ಕ ಉತ್ತರ ಸಣ್ಣದು. ನಡ್ಯಂಗಿಲ್ಲ. ನಾನೂ ಕಲಬುರಗಿಯಾಕಿ, ತೇರು ಎಳೆಯೋ ದಿನ ಶರಣಬಸವೇಶ್ವರ ಅಪ್ಪನ ಗುಡಿ ಮುಂದಿನ ಗದ್ದಲ ಇಲ್ಲಿ ಜರ್ಮನಿಯಾಗ ಕುಂತು ಫೋನಿನ್ಯಾಗ ನೋಡಿ ಕಣ್ಣೀರು ಹಾಕಿದಾಕಿ. ಆದ್ರೂ ಹೇಳ್ತೀನಿ, ಫೆಬ್ರವರಿ ಮುಗಿಯೋದ್ರೊಳಗ ನೀ ಇಲ್ಲಿರಬೇಕು. ನಿರುದ್ಯೋಗ ಭತ್ಯೆ ಶುರುವಾಗೋದು ನೌಕರಿ ಮುಗದ ದಿನದಿಂದಲ್ಲ, ನೀ ಇಲ್ಲಿದ್ದು, ಕೆಲಸಕ್ಕ ಸಿದ್ಧ ಇದ್ದು, ಉದ್ಯೋಗ ಕಚೇರಿಗೆ ‘ನಾ ಈಗ ನಿರುದ್ಯೋಗಿ’ ಅಂತ ಹೇಳಿದ ದಿನದಿಂದ. ಮಾರ್ಚಿನ ಹತ್ತನೇ ತಾರೀಖಿಗೆ ಬಂದು ಹೇಳಿದ್ರ ಹತ್ತರಿಂದ. ಹಿಂದಿನ ದಿನಗಳು ಹೋದ್ವು ಅಂತ ತಿಳಕೋ. ಆರೋಗ್ಯ ವಿಮೆಯ ಕಂತು ಅವರು ಕಟ್ಟೋದೂ ಭತ್ಯೆ ಶುರುವಾದ ಮ್ಯಾಲೇ.

ಕಾಗದ ಬಂದ ಮೂರು ದಿನದಾಗ ಉದ್ಯೋಗ ಕಚೇರಿಯಾಗ ಆನ್‌ಲೈನ್ ಹೆಸರು ಹಚ್ಚೀನಿ ಅಂತ ಬರ್ದೀದಿ, ಚಲೋ ಮಾಡೀದಿ. ಅದನ್ನ ತಪ್ಪಿಸಿದವರಿಗೆ ಒಂದು ವಾರದ ಭತ್ಯೆ ಕಟ್ ಆಗ್ತದ. ಆದ್ರ ಅದು ‘ಕೆಲಸ ಹುಡುಕ್ಲಾಕತ್ತೀನಿ’ ಅನ್ನೋ ನೋಂದಣಿ ಅಷ್ಟೇ. ‘ಕೆಲಸ ಇಲ್ಲ’ ಅನ್ನೋದು ಬ್ಯಾರೆ ನೋಂದಣಿ. ಎರಡೂ ಒಂದೇ ಅಂತ ನಮ್ಮ ಮಂದಿ ಎಷ್ಟೋ ಜನ ಸುಮ್ಮನ ಕುಂತಿರ್ತಾರ. ಪರಸ್ಪರ ಒಪ್ಪಿ ಬಿಡ್ತೀವಿ ಅನ್ನೋ ಕಾಗದಕ್ಕ ಕಂಪನಿ ಸಹಿ ಕೇಳಿತ್ತು, ಹಾಕಲಿಲ್ಲ ಅಂದೀದಿ. ಅದೂ ಪಾಡಾತು. ತಕ್ಕ ಕಾರಣ ಇಲ್ಲದೆ ಹಂಗ ಸಹಿ ಮಾಡಿದವರಿಗೆ, ತಾವೇ ರಾಜೀನಾಮೆ ಕೊಟ್ಟವರಿಗೆ 12 ವಾರ ಭತ್ಯೆ ನಿಲ್ಲಸ್ತಾರ. ಕಾಗದ ಬಂದ ಮೂರು ವಾರದಾಗ ಕಾರ್ಮಿಕ ನ್ಯಾಯಾಲಯಕ್ಕ ಹೋಗಬಹುದಿತ್ತು, ಆ ಹೊತ್ತು ದಾಟಿ ಹೋಗ್ಯಾದ. ಅದರ ಚಿಂತಿ ಈಗ ಬ್ಯಾಡ.

ನೀ ಲೆಕ್ಕ ತಪ್ಪಿರೋದು ಒಂದೇ ಕಡಿ. ಹದಿನೇಳು ತಿಂಗಳ ವಿಮೆ ಕಂತು ಕಟ್ಟೀದಿ, 16 ತಿಂಗಳ ಕಟ್ಟಿದವರಿಗೆ ಎಂಟು ತಿಂಗಳ ಭತ್ಯೆ ಅದ, ಕೈಗೆ ಬರ್ತಿದ್ದ ಪಗಾರದ 60 ಪರ್ಸೆಂಟ್, ಮಕ್ಕಳಿದ್ದವರಿಗೆ 67. ಇಷ್ಟೂ ಖರೆ. ‘ಎಂಟು ತಿಂಗಳ ಆರಾಮ ಅದ ಅಕ್ಕಾ’ ಅಂತ ಬರ್ದೀಯಲ್ಲ, ಅದು ಮಾತ್ರ ಸುಳ್ಳು. ನಿನ್ನ ಕೈಯಾಗಿರೋದು ಬ್ಲೂ ಕಾರ್ಡ್, ಅಂದ್ರ ಓದಿದ ಹೊರದೇಶದ ನೌಕರರಿಗೆ ಕೊಡೋ ವಾಸದ ಪರವಾನಗಿ. ಅದಕ್ಕ ಎರಡು ವರ್ಷ ತುಂಬಿಲ್ಲ ಅಂದ್ರ ಯುರೋಪಿನ ನಿಯಮ ಮೂರು ತಿಂಗಳ ನಿರುದ್ಯೋಗ ತಡಕೋತದ, ಎರಡು ವರ್ಷ ದಾಟಿದವರಿಗೆ ಆರು ತಿಂಗಳ. ಮುಂದಿಂದು ವಾಸದ ಪರವಾನಗಿ ನೋಡ್ಕೊಳ್ಳೋ ಪರದೇಶಿಗಳ ಕಚೇರಿಯವರ ಕೈಯಾಗ. ರೊಕ್ಕದ ಗಡಿಯಾರ ಅಕ್ಟೋಬರ್ ಕೊನಿಗೆ ನಿಲ್ತದ, ಕಾರ್ಡಿನ ಗಡಿಯಾರ ಮೇ ಕೊನಿಗೇ ಬಡೀತದ. ನೀ ನೋಡಬೇಕಾದದ್ದು ಎರಡನೇದು. ನೌಕರಿ ಮುಗದದ್ದು ಎರಡು ವಾರದಾಗ ಆ ಕಚೇರಿಗೆ ತಿಳಿಸಬೇಕು ಅನ್ನೋದೂ ಕಾನೂನಿನ್ಯಾಗ ಅದ. ತಿಳಿಸೀನಿ ಅಂತ ನಿನ್ನ ಪತ್ರದಾಗ ಎಲ್ಲೂ ಕಾಣಲಿಲ್ಲ. ಇವತ್ತೇ ಇಮೇಲ್ ಹಾಕು.

ಈಗ ಗುಡ್ಡದ ಮಾತು.

ನಿಮ್ಮ ಮನ್ಯಾಗ ಯಾಕ ಬೈತಾರ ಅಂತ ನನಗ ಗೊತ್ತಾಗ್ತದ. ನಮ್ಮ ಕಡಿ ಮಂದಿ ಮನಿ ಬಿಟ್ಟು ಹೋಗೋದನ್ನ ಕಂಡಿದ್ದು ಗುಳೆ ಲೆಕ್ಕದಾಗ. ಮಳಿ ಕೈಕೊಟ್ಟಿತು, ತೊಗರಿ ಒಣಗಿತು ಅಂದ್ರ ಗಂಟುಮೂಟಿ ಕಟ್ಕೊಂಡು ಮುಂಬಯಿಗೋ ಪುಣೆಗೋ ಹೈದರಾಬಾದಿಗೋ ಹೋದ್ರು, ದುಡದ್ರು, ಕೆಲಸ ನಿಂತ ದಿನ ತಿರುಗಿ ಬಂದ್ರು. ಅಲ್ಲಿ ಇದ್ದು ಗುಡ್ಡ ಹತ್ತೋದು ಅನ್ನೋ ಮಾತೇ ಇರಲಿಲ್ಲ. ನಿಮ್ಮ ತಾಯಿ ಕಣ್ಣಿಗೆ ನೀನೂ ಗುಳೆ ಹೋದಾಂವನೇ, ವಿಮಾನದಾಗ ಹೋಗೀದಿ ಅಷ್ಟೇ ಫರಕು. ಅವರ ಜೊತಿ ವಾದಕ್ಕ ನಿಲ್ಲಬ್ಯಾಡ. ಇಲ್ಲಿ ಬಂದ ಮ್ಯಾಲ ಗುಡ್ಡದ ಫೋಟೊ ಸ್ಟೇಟಸ್ಸಿಗೆ ಹಾಕೋದೂ ಬ್ಯಾಡ. ಶಹಾಪುರದ ಸೋದರಮಾವಂದಿರು ಎಲ್ಲರೂ ನೋಡ್ತಾರ, ಅವರೆಲ್ಲ ಮಾತು ಆಡೋದು ನಿಮ್ಮ ಅವ್ವಗ.

ಆದ್ರ ಗುಡ್ಡ ಬಿಡು ಅಂತ ನಾ ಹೇಳಂಗಿಲ್ಲ. ಬಿಟ್ಟವರನ್ನ ಕಂಡೀನಿ. ನೌಕರಿ ಹೋದ ಮೊದಲ ತಿಂಗಳ ಹದಿನಾಲ್ಕು ತಾಸು ಲ್ಯಾಪ್‌ಟಾಪ್ ಮುಂದ ಕುಂತು ಕಂಡಕಂಡಲ್ಲಿ ಅರ್ಜಿ ಒಗದು, ಎರಡನೇ ತಿಂಗಳ ಹಾಸಿಗಿ ಬಿಟ್ಟು ಏಳಲಾರದಂಗ ಆದ ಹುಡುಗ್ರು ಅವರು. ಇಲ್ಲಿನ ಚಳಿಗಾಲ ಏನು ಅಂತ ನೀ ಒಂದೇ ಸಲ ನೋಡೀದಿ, ಅದೂ ಆಫೀಸಿನ ದೀಪದ ಕೆಳಗ. ಡಿಸೆಂಬರಿನ್ಯಾಗ ಮುಂಜಾನಿ ಎಂಟು ದಾಟಿದ ಮ್ಯಾಲ ಬೆಳಕು ಹರೀತದ, ಸಂಜಿ ನಾಲ್ಕೂವರಿಗೆ ಮತ್ತ ಕತ್ತಲಿ. ನಮ್ಮ ಕಡಿ ಉಲ್ಟಾ. ಜನವರಿಯಾಗ ಗುಡ್ಡ ಹತ್ತಿದ್ರ ಹಿತ, ಏಪ್ರಿಲ್ ಬಂತಂದ್ರ 42 ಡಿಗ್ರಿ ಬಿಸಲು, ಮುಂಜಾನಿ ಏಳಕ್ಕೇ ಮಲಗಿದ ಬುದ್ಧನಂಗ ಕಾಣೋ ನಿಮ್ಮ ಗುಡ್ಡದ ಬಂಡಿಗಲ್ಲು ಕಾದಿರ್ತಾವ. ಅದಕ್ಕ ಶಹಾಪುರದ ರೂಢಿ, ಅಂದ್ರ ನಸುಕಿನ್ಯಾಗ ಎದ್ದು ಹತ್ತಿ ಇಳದು ಆಮ್ಯಾಲ ದಿನದ ಕೆಲಸಕ್ಕ ಕೂಡೋದು, ಇಲ್ಲಿ ಮಾರ್ಚಿನತನ ನಡ್ಯಂಗಿಲ್ಲ. ಹಿಂದ ನನ್ನ ನೌಕರಿ ಹೋದಾಗ ನಾನು ಮಧ್ಯಾಹ್ನ ಹೋಗ್ತಿದ್ದೆ. ಮುಂಜಾನಿ ಒಂಬತ್ತರಿಂದ ಹನ್ನೊಂದೂವರಿತನ ಅರ್ಜಿ, ಆಮ್ಯಾಲ ಒಂದು ತಾಸು ಮೆಟ್ಟಿಲು. ಸ್ಟುಟ್‌ಗಾರ್ಟು ತಗ್ಗಿನ್ಯಾಗ ಕುಂತ ಊರು, ಸುತ್ತ ದಿಬ್ಬ, ದಿಬ್ಬಕ್ಕ ನಾನೂರಕ್ಕಿಂತ ಹೆಚ್ಚು ಮೆಟ್ಟಿಲುದಾರಿ ಅವ. ಒಂದು ಪೈಸೆ ಖರ್ಚಿಲ್ಲ, ಮೊಬೈಲ್ ಸಿಗ್ನಲ್ ಸಿಗ್ತದ, ಕಂಪನಿಯವರು ಫೋನ್ ಮಾಡಿದ್ರ ನಿಂತು ಮಾತಾಡಬಹುದು. ಆ ಫೋನ್ ಬರೋದು ವಾರದ ದಿನಗಳಾಗ, ಆಫೀಸ್ ಟೈಮಿನ್ಯಾಗ. ಶುಕ್ರವಾರ ಮಧ್ಯಾಹ್ನ ಕಳೀತಂದ್ರ ಯಾರೂ ಮಾಡಂಗಿಲ್ಲ.

ದೊಡ್ಡ ನಡಿಗಿ ಐತವಾರಕ್ಕ ಇಟ್ಕೋ. ಅವತ್ತು ಈ ದೇಶಾನೇ ಬಾಗಲಾ ಹಾಕಿರ್ತದ, ಅಂಗಡಿ ಬಂದ್, ಆಫೀಸ್ ಬಂದ್, ನೀ ಮನ್ಯಾಗ ಕುಂತು ಇನ್‌ಬಾಕ್ಸ್ ತಿಕ್ಕಿದ್ರೂ ಯಾವ ದೇವರೂ ಒಲಿಯಂಗಿಲ್ಲ. ಓವೆನ್ ಊರಿಂದ ಟೆಕ್ ಕ್ವಾಟಿ ಹತ್ತು, ನೊಯ್ಫೆನ್ ಊರಿಂದ ಹೋಹೆನ್‌ನೊಯ್ಫೆನ್ ಕ್ವಾಟಿ ಹತ್ತು, ಬಾಡ್ ಉರಾಖ್‌ದಾಗ 37 ಮೀಟರ್ ಧುಮುಕೋ ನೀರು ನೋಡು. ಮೂರೂ ಊರಿಗೆ ಲೋಕಲ್ ರೈಲು ಅವ. ದೇಶದ ಲೋಕಲ್ ರೈಲು, ಬಸ್ಸಿಗೆಲ್ಲ ನಡಿಯೋ ತಿಂಗಳ ಪಾಸು, ಡಾಯ್ಚ್‌ಲ್ಯಾಂಡ್ ಟಿಕೆಟ್, 2023ರ ಮೇ ತಿಂಗಳ 49 ಯೂರೋಕ್ಕ ಶುರುವಾಗಿದ್ದು 2026ಕ್ಕ 63 ಆಗ್ಯಾದ, ಆದ್ರೂ ಅದನ್ನ ಕ್ಯಾನ್ಸಲ್ ಮಾಡಬ್ಯಾಡ. ಸಂದರ್ಶನಕ್ಕೂ ಅದೇ ಟಿಕೆಟ್, ಗುಡ್ಡಕ್ಕೂ ಅದೇ. ಹೋಹೆನ್‌ನೊಯ್ಫೆನ್ ಮ್ಯಾಲ ನಿಂತ್ರ ಯಾದಗಿರಿ ಕ್ವಾಟಿ ನೆನಪಾಗ್ತದ ಅಂತ ಹೇಳಿದ್ರ ಇಲ್ಲಿಯವರು ನಗ್ತಾರ, ನೀ ನಗಂಗಿಲ್ಲ ಅಂತ ಬರೀಲಾಕತ್ತೀನಿ.

ವಾರದ ದಿನ ಒಂದು ಪೂರ್ತಿ ದಿನ ಹೋಗಬಹುದೇನು? ಸಂಜಿಗೆ ಮನಿಗೆ ಬಂದು ಟಪಾಲ ಡಬ್ಬಿ ತೆಗದು ನೋಡ್ತೀನಿ ಅಂದ್ರ ಹೋಗು. ಭತ್ಯೆ ತಗೊಳ್ಳಾಂವ ಕೆಲಸದ ದಿನ ತನ್ನ ವಿಳಾಸದಾಗ ಟಪಾಲಿಗೆ ಸಿಗಬೇಕು, ಉದ್ಯೋಗ ಕಚೇರಿ ಕರದ್ರ ಹೋಗೋ ಅಂತರದಾಗ ಇರಬೇಕು ಅನ್ನೋದು ನಿಯಮ. ಶನಿವಾರದ ಪತ್ರ ಐತವಾರ ನೋಡಿದ್ರೂ ನಡೀತದ. ಊರು ಬಿಟ್ಟು ರಾತ್ರಿ ಬ್ಯಾರೆ ಕಡಿ ಉಳಿಯೋದು, ದೇಶ ಬಿಡೋದು ಅಂದ್ರ ಮೊದಲೇ ಒಪ್ಪಿಗಿ ಬೇಕು. ವರ್ಷಕ್ಕ ಮೂರು ವಾರದತನ ಕೊಡ್ತಾರ, ಭತ್ಯೆ ನಿಲ್ಲಂಗಿಲ್ಲ. ಆದ್ರ ಮೊದಲ ಮೂರು ತಿಂಗಳ ಗಟ್ಟಿ ಕಾರಣ ಇಲ್ಲದೆ ಕೊಡಂಗಿಲ್ಲ, ಗುಡ್ಡ ಹತ್ತೋದು ಗಟ್ಟಿ ಕಾರಣ ಅಲ್ಲ. ಜಾತ್ರಿನೂ ಅಲ್ಲ.

ಒಬ್ಬನೇ ಹೋಗೋ ಬದಲು ಗುಂಪಿನ ಜೊತಿ ಹೋಗು ಅನ್ನೋದು ನನ್ನ ಜೋರಿನ ಮಾತು. ಇಲ್ಲಿ ಶ್ವೇಬಿಷರ್ ಆಲ್ಬ್‌ಫೆರೈನ್ ಅಂತ ಹಳೇ ನಡಿಗಿ ಸಂಘ ಅದ, 1888ರಾಗ ಹುಟ್ಟಿದ್ದು. ಹಳ್ಳಿಹಳ್ಳಿಗೆ ಅದರ ಶಾಖೆ. ನನ್ನ ನೌಕರಿ ಹೋದಾಗ ನಮ್ಮೂರಿನ ಶಾಖೆಯ ಬುಧವಾರದ ನಡಿಗಿಗೆ ಸೇರ್ಕೊಂಡೆ. ಎಲ್ಲರೂ ನಿವೃತ್ತರು, ಎಪ್ಪತ್ತು ದಾಟಿದವರು, ನನಗಿಂತ ಜೋರು ನಡಿಯೋರು. ಮೊದಲ ಸಲ ನನ್ನ ಡಬ್ಬಿಯಾಗಿನ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ನೋಡಿ ಯಾರೂ ಏನೂ ಅನಲಿಲ್ಲ. ಎರಡನೇ ಸಲ ಒಬ್ಬಾಕಿ ಮುದುಕಿ ತಾನೇ ಕೈಹಾಕಿ ಮುರಕೊಂಡಳು. ಆಕಿ ಒಂದು ಕಾಲಕ್ಕ ಕಾರ್ಖಾನಿಯ ನೇಮಕಾತಿ ವಿಭಾಗದಾಗ ಇದ್ದಾಕಿ. ನನ್ನ ಅರ್ಜಿ ಪತ್ರ ತರ್ಸಿ, ಕೆಂಪು ಪೆನ್ನಿನ್ಯಾಗ ಅರ್ಧಕ್ಕರ್ಧ ಹೊಡದು, ‘ಇಷ್ಟು ನಮಸ್ಕಾರ ಹಾಕಬ್ಯಾಡ, ಏನು ಬರ್ತದ ಅಷ್ಟು ಹೇಳು’ ಅಂದ್ಳು. ನಮ್ಮ ಮಂದಿಯ ಅರ್ಜಿ ಎಲ್ಲಾ ಹಂಗೇ ಇರ್ತಾವ, ಅರ್ಧ ಪುಟ ವಿನಯ.

ಗುಡ್ಡದಾಗ ನೌಕರಿ ಸಿಗ್ತದ ಅಂತ ಯಾರಾರ ಹೇಳಿದ್ರ ನಂಬಬ್ಯಾಡ, ನನಗೂ ಅಲ್ಲಿ ಸಿಗಲಿಲ್ಲ. ಸಿಗೋದು ಜರ್ಮನ್ ಭಾಷೆ. ಆಫೀಸಿನ್ಯಾಗ ಇಂಗ್ಲಿಷ್, ರೂಮಿನ್ಯಾಗ ಕನ್ನಡ ಹಿಂದಿ, ನಿನ್ನ ಕಿವಿಗೆ ಜರ್ಮನ್ ಬೀಳೋದು ಯಾವಾಗ? ಬ್ಲೂ ಕಾರ್ಡಿನವರಿಗೆ ಕಾಯಂ ವಾಸದ ಪರವಾನಗಿ ಜರ್ಮನ್ ಭಾಷೆ ನಡುಮಟ್ಟಕ್ಕ (ಬಿ1) ಬರ್ತಿದ್ರ 21 ತಿಂಗಳ ಕೆಲಸಕ್ಕ ಸಿಗ್ತದ, ಬರೇ ಶುರುವಿನ ಮಟ್ಟ (ಎ1) ಇದ್ರ 27ಕ್ಕ. ಹದಿನೇಳು ಆಗಲೇ ನಿನ್ನ ಲೆಕ್ಕದಾಗ ಅವ. ಹೊಸ ನೌಕರಿ ಸಿಕ್ಕ ಮ್ಯಾಲ ನಾಲ್ಕೇ ತಿಂಗಳ, ಇಲ್ಲಾಂದ್ರ ಹತ್ತು. ಐದು ತಾಸು ಮುದುಕರ ಜೊತಿ ನಡದ್ರ ಕ್ಲಾಸಿಗಿಂತ ಹೆಚ್ಚು ಮಾತು ಬರ್ತದ, ಅವರು ಶ್ವೇಬಿಷ್ ಆಡುನುಡಿ ಹೊಡೀತಾರ ಅನ್ನೋದು ಬ್ಯಾರೆ ಮಾತು. ಕಿವಿಗೆ ಅದು ನಮ್ಮ ಬೀದರ್ ಕನ್ನಡ ಬೆಂಗಳೂರಿನವರಿಗೆ ಕೇಳಿದಂಗ.

ಬಯೋಡೇಟಾದಾಗ ಗುಡ್ಡದ ನಡಿಗಿ ಬರೀಲೋ ಬ್ಯಾಡೋ ಅಂತನೂ ಒಂದು ಕಡಿ ಕೇಳೀದಿ. ಬರಿ. ಇಲ್ಲಿ ಹವ್ಯಾಸ ಬರಿಯೋದು ರೂಢಿ. ಒಂದೇ ಸಾಲು, ಸಂಘದ ಹೆಸರಿನ ಸಮೇತ.

ಗುಡ್ಡದ ಸಾಮಾನು ಮಾರೋ ಅಂಗಡಿಯಾಗ ಶನಿವಾರ ಕೆಲಸ ಮಾಡ್ತೀನಿ ಅಂತ ಬರ್ದೀಯಲ್ಲ, ಆ ಯೋಚನೆ ಕೆಟ್ಟದ್ದೇನಲ್ಲ. ವಾರಕ್ಕ 15 ತಾಸಿನ ಒಳಗ ಇರಬೇಕು, ತಿಂಗಳಿಗೆ 165 ಯೂರೋತನ ಗಳಿಸಿದ್ದು ನಿನ್ನದೇ, ಅದರ ಮ್ಯಾಲಿಂದು ಭತ್ಯೆಯಾಗ ಕಡೀತಾರ. ಕಾರ್ಡಿನ ಸಲುವಾಗಿ ಪರದೇಶಿಗಳ ಕಚೇರಿಗೆ ಕೇಳದೆ ಮಾತ್ರ ಸೇರಬ್ಯಾಡ, ಉದ್ಯೋಗ ಕಚೇರಿಗೆ ಹೇಳದೆನೂ ಬ್ಯಾಡ.

ಕಾಲು ಮುರದ್ರ ಏನು ಅಂತ ನಿಮ್ಮಪ್ಪ ಕೇಳಿದ್ದು ಸರಿಯಾದ ಪ್ರಶ್ನಿ, ನೀ ಅದಕ್ಕ ನಕ್ಕೀದಿ. ಭತ್ಯೆಯಾಗ ಇದ್ದಾಗ ಬಿದ್ದು ಹಾಸಿಗಿ ಹಿಡದ್ರ ಉದ್ಯೋಗ ಕಚೇರಿಗೆ ತಡಾ ಮಾಡದೆ ತಿಳಿಸಬೇಕು, ಆರು ವಾರತನ ಅದೇ ಭತ್ಯೆ ಬರ್ತದ, ಆಮ್ಯಾಲ ವಿಮೆಯವರು ನೋಡ್ತಾರ. ಹೆಲಿಕಾಪ್ಟರ್ ಬಿಲ್ ಬ್ಯಾರೆ ಸಂಗತಿ. ಆಸ್ಟ್ರಿಯಾ ಕಡಿ ಗುಡ್ಡದಿಂದ ಎತ್ಕೊಂಡು ಬಂದ್ರ ಸಾವಿರಾರು ಯೂರೋ ನಿನ್ನ ಹೆಸರಿಗೇ ಬರಬಹುದು. ಜರ್ಮನ್ ಆಲ್ಪೈನ್ ಕ್ಲಬ್ಬಿನ ಸದಸ್ಯರಿಗೆ 25,000 ಯೂರೋತನ ರಕ್ಷಣಾ ಖರ್ಚಿನ ವಿಮೆ ಇರ್ತದ. ರೊಕ್ಕ ಉಳಸಬೇಕಂತ ಆ ಸದಸ್ಯತ್ವ ಬಿಡ್ತೀನಿ ಅಂದೀದಿ. ಬಿಡಬ್ಯಾಡ. ಉಳಸೋದಾದ್ರ ಹೊಸ ಬೂಟಿನ್ಯಾಗ ಉಳಸು. ಆ ನೂರಾ ತೊಂಬತ್ತು ಯೂರೋ ಬೂಟು ಈ ವರ್ಷ ಬ್ಯಾಡ, ಇದ್ದ ಬೂಟಿಗೆ ಅಟ್ಟೆ ಹಾಕ್ಸು. ಇನ್ನೊಂದು, ಇಲ್ಲಿ ಅಡವಿಯೊಳಗ ಉಣ್ಣಿ ಕಚ್ಚಿದ್ರ ಮಿದುಳು ಜ್ವರ ಬರೋ ಅಪಾಯ ಅದ. ಲಸಿಕೆ ಹಾಕ್ಸ್ಕೋ, ಈ ಪ್ರಾಂತ್ಯದವರಿಗೆ ಸರಕಾರಿ ಆರೋಗ್ಯ ವಿಮೆ ಅದರ ಖರ್ಚು ಕೊಡ್ತದ.

ಉಳದದ್ದು ಜೂನಿನ ಬುಕಿಂಗ್. ಆಲ್ಪ್ಸಿನ ಆಲ್ಗೋಯ್ ಸೀಮೆದಾಗ, ಗುಡ್ಡದ ಮ್ಯಾಲ ರಾತ್ರಿ ಉಳಿಯೋ ಒಂದು ಹಟ್‌ದಿಂದ (ತಂಗುಮನಿ) ಇನ್ನೊಂದು ಹಟ್‌ಗೆ ಐದು ದಿನ ನಡಿಯೋದು, ನಾಲ್ಕು ಮಂದಿ, ಮುಂಗಡ ಕೊಟ್ಟೀರಿ. ಇದನ್ನ ಈಗಲೇ ರದ್ದು ಮಾಡೋ ಗಡಿಬಿಡಿ ಬ್ಯಾಡ. ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳ ಮುಗದ ಮ್ಯಾಲ ಬರೋ ಪ್ರವಾಸ ಅದು, ಅಷ್ಟೊತ್ತಿಗೆ ಉದ್ಯೋಗ ಕಚೇರಿಗೆ ಒಪ್ಪಿಗಿ ಕೇಳಬಹುದು. ಹಟ್‌ನವರ ರದ್ದತಿ ನಿಯಮ ಓದಿ, ಯಾವ ತಾರೀಖಿನತನ ರೊಕ್ಕ ವಾಪಸ್ ಬರ್ತದ ಅನ್ನೋದನ್ನ ಗ್ವಾಡಿ ಮ್ಯಾಲ ಬರದಿಡು. ಗೆಳ್ಯಾರಿಗೂ ಈಗಲೇ ಹೇಳು, ನಿನ್ನ ಜಾಗಕ್ಕ ಇನ್ನೊಬ್ಬರನ್ನ ನೋಡಿಟ್ಟಿರ್ಲಿ. ಮೇ ಕೊನಿಗೆ ನೌಕರಿ ಸಿಕ್ಕು ಜುಲೈಕ್ಕ ಸೇರೋದಾದ್ರ ಹೋಗಿ ಬಾ, ಸೇರೋಕಿಂತ ಮುಂಚಿನ ಅಂಥ ಐದು ದಿನ ಮತ್ತ ಸಿಗಂಗಿಲ್ಲ. ಸಿಗದಿದ್ರ ಜಾಗ ಬಿಟ್ಟುಕೊಟ್ಟು ಆ ಐದು ದಿನ ಸ್ಟುಟ್‌ಗಾರ್ಟಿನ್ಯಾಗೇ ಇರು. ಆವಾಗ ಕಾರ್ಡಿನ ವಿಷಯಕ್ಕ ಪರದೇಶಿಗಳ ಕಚೇರಿಯವರು ಯಾವ ದಿನ ಕರೀತಾರ ಅಂತ ಹೇಳಲಿಕ್ಕ ಬರಂಗಿಲ್ಲ. ಬಂದ ವಾರ ಫೋನ್ ಮಾಡು, ಅರ್ಜಿ ಪತ್ರ ತಗೊಂಡು ಬಾ. ಕೆಂಪು ಪೆನ್ನು ಈಗ ನನ್ನ ಹತ್ರಾನೂ ಅದ.