ಧ್ವನಿಪೆಟ್ಟಿಗೆ ತೆಗೆದ ಮೇಲೆ ಅಪ್ಪ ಮತ್ತೆ ಮಾತಾಡಬಹುದಾ?

ಪ್ರಶ್ನೆ: ಅಪ್ಪನಿಗೆ 61 ವರ್ಷ. ಊರಲ್ಲಿ ದಿನಸಿ ಅಂಗಡಿ ಇದೆ. ಗಂಟಲು ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆ ಪೂರ್ತಿ ತೆಗೆದರು. ರೇಡಿಯೇಷನ್ ಮುಗಿದು ಏಳು ತಿಂಗಳಾಯ್ತು. ಕುತ್ತಿಗೆಯ ತೂತಿನಿಂದ ಉಸಿರಾಡುತ್ತಾರೆ, ಏನು ಬೇಕಿದ್ದರೂ ಬರೆದು ತೋರಿಸುತ್ತಾರೆ. ವಾಲ್ವ್ ಹಾಕಿಸಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಕುತ್ತಿಗೆಗೆ ಒತ್ತಿ ಹಿಡಿಯುವ ಮಷೀನೇ ಸಾಕು ಅಂತಾರೆ ನೆಂಟರು. ಅಪ್ಪ ಎರಡೂ ಬೇಡ ಎನ್ನುತ್ತಾರೆ, ಅಂಗಡಿಗೂ ಹೋಗುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ (ವಾಕ್ ಚಿಕಿತ್ಸಕರಿಂದ): ವಾಲ್ವಾ ಮಷೀನಾ ಎನ್ನುವ ಮೊದಲು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಕುತ್ತಿಗೆಗೆ ರೇಡಿಯೇಷನ್ ಆದವರಲ್ಲಿ ಥೈರಾಯ್ಡ್ ಕಡಿಮೆಯಾಗುವುದು ಜಾಸ್ತಿ, ಅದೂ ತಿಂಗಳುಗಟ್ಟಲೆ ಕಳೆದ ಮೇಲೆ. ಸುಸ್ತು, ಯಾವುದರಲ್ಲೂ ಮನಸ್ಸಿಲ್ಲ, ಕೇಳಿದ್ದಕ್ಕೆಲ್ಲ ಬೇಡ. ಮನೆಯವರು ಇದನ್ನು ಹಟ ಅಂದುಕೊಂಡು ಬೈಯುತ್ತಾರೆ, ಪಾಪ. ಥೈರಾಯ್ಡ್ ಆಗಿದ್ದರೆ ಮಾತ್ರೆ ಇದೆ. ಅಲ್ಲದಿದ್ದರೆ ಖಿನ್ನತೆ ಇರಬಹುದು, ಅದಕ್ಕೂ ಚಿಕಿತ್ಸೆ ಇದೆ. ಡಾಕ್ಟರ್ ಹತ್ತಿರ ಸಂಕೋಚವಿಲ್ಲದೆ ಕೇಳಿ.

ಇನ್ನು ಮಾತು. ನಾಲಿಗೆ, ತುಟಿ ಚೆನ್ನಾಗಿದ್ದರೆ ಅಕ್ಷರ ಮೂಡಿಸುವ ಶಕ್ತಿ ಹೋಗಿರುವುದಿಲ್ಲ. ಸದ್ದು ಹುಟ್ಟುವ ಜಾಗ ಮಾತ್ರ ಹೋಗಿದೆ. ಆ ಸದ್ದನ್ನು ಮೂರು ರೀತಿ ಕೊಡಬಹುದು. ಗಾಳಿಯನ್ನು ಅನ್ನನಾಳಕ್ಕೆ ಇಳಿಸಿ ತೇಗಿನಂತೆ ಹೊರಬಿಟ್ಟು ಮಾತಾಡುವುದು ಒಂದು. ಅದಕ್ಕೆ ದುಡ್ಡು ಬೇಡ, ಆದರೆ ಕಲಿಯಲು ತಿಂಗಳುಗಳು ಬೇಕು, ಎಷ್ಟೋ ಜನರಿಗೆ ಒಲಿಯುವುದೇ ಇಲ್ಲ.

ವಾಲ್ವ್ ಎಂದರೆ ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಕೂರಿಸುವ ಪುಟ್ಟ ಸಿಲಿಕೋನ್ ಕೊಳವೆ. ಹೆಬ್ಬೆರಳಿಂದ ಕುತ್ತಿಗೆಯ ತೂತು ಮುಚ್ಚಿ ಉಸಿರು ಬಿಟ್ಟರೆ ಗಾಳಿ ಅನ್ನನಾಳಕ್ಕೆ ಹೋಗುತ್ತದೆ, ಅಲ್ಲಿನ ಗೋಡೆ ಅದುರಿ ಧ್ವನಿ ಬರುತ್ತದೆ. ಗಡಸು, ಆದರೆ ಮನುಷ್ಯರದೇ ಧ್ವನಿ. ನನ್ನ ಒಲವು ಇದರ ಕಡೆಗೇ. ಆದರೆ ದಿನಾ ಬ್ರಷ್‌ನಿಂದ ಶುಚಿ ಮಾಡಬೇಕು. ಮೇಲೆ ಫಂಗಸ್ ಬೆಳೆಯುತ್ತದೆ, ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಹೊರದೇಶದ ವಾಲ್ವ್‌ಗೆ ಸಾವಿರಾರು ರೂಪಾಯಿ. ಬೆಂಗಳೂರಿನ ಡಾ. ವಿಶಾಲ್ ರಾವ್ ಸುಮಾರು 50 ರೂಪಾಯಿಯ ‘ಓಂ’ ವಾಲ್ವ್ ರೂಪಿಸಿದ್ದು ಇದೇ ಕಾರಣಕ್ಕೆ. ಅಪ್ಪನಿಗೆ ಯಾವುದು ಹೊಂದುತ್ತದೆ, ಮುಂದೆ ಬದಲಿಸಲು ಎಷ್ಟಾಗುತ್ತದೆ ಎಂದು ಈಗಲೇ ವಿಚಾರಿಸಿ.

ವಾಲ್ವ್ ಹಾಕಿಸಿದ ಮೇಲೆ ಕಾಫಿ ಕುಡಿದಾಗ ಕೆಮ್ಮು ಬಂದರೆ ಕುತ್ತಿಗೆಯ ತೂತಿಗೆ ಟಾರ್ಚ್ ಬೆಳಕು ಬಿಟ್ಟು ನೋಡಿ. ವಾಲ್ವ್‌ನ ಮಧ್ಯದಿಂದ ಕಾಫಿ ಜಿನುಗಿದರೆ ಮೊದಲು ಶುಚಿ ಮಾಡಿ, ನಿಲ್ಲದಿದ್ದರೆ ಬದಲಿಸುವ ಹೊತ್ತಾಗಿದೆ ಎಂದರ್ಥ. ಸುತ್ತಲಿಂದ ಜಿನುಗಿದರೆ ಅಳತೆ ಸರಿಯಿಲ್ಲ, ಡಾಕ್ಟರೇ ನೋಡಬೇಕು. ವಾಲ್ವ್ ಕಳಚಿ ಬಿದ್ದರೆ ಕಾಯಬೇಡಿ, ಆ ದಾರಿ ಬೇಗ ಮುಚ್ಚಿಕೊಳ್ಳುತ್ತದೆ. ಬಿದ್ದ ವಾಲ್ವ್ ಕೈಗೆ ಸಿಗದಿದ್ದರೆ ಶ್ವಾಸನಾಳಕ್ಕೆ ಹೋಗಿರಬಹುದು, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಮೂರನೆಯದು ಮಷೀನ್. ಕುತ್ತಿಗೆಗೆ ಒತ್ತಿದರೆ ಅದುರಿ ಸದ್ದು ಕೊಡುತ್ತದೆ, ನಾಲಿಗೆ, ತುಟಿ ಅದನ್ನು ಮಾತಾಗಿಸುತ್ತವೆ. ಇದಕ್ಕೆ ಆಪರೇಷನ್ ಬೇಡ, ಹಾಗಾಗಿ ನನ್ನ ಒಲವು ವಾಲ್ವ್ ಕಡೆಗಿದ್ದರೂ ಇಲ್ಲಿಂದಲೇ ಶುರು ಮಾಡಿ ಅನ್ನುತ್ತೇನೆ. ಸದ್ದು ರೋಬೋ ಥರ ಇರುತ್ತದೆ ಅಷ್ಟೆ. ರೇಡಿಯೇಷನ್‌ನಿಂದ ಕುತ್ತಿಗೆ ಗಟ್ಟಿಯಾಗಿದ್ದರೆ ಅಲ್ಲಿ ಸದ್ದು ಒಳಗೆ ಹೋಗುವುದಿಲ್ಲ. ಆಗ ಕೆನ್ನೆಗೆ ಹಿಡಿಯಬಹುದು, ಇಲ್ಲವೇ ಬಾಯಿಗಿಡುವ ಸಣ್ಣ ಕೊಳವೆ ಸಿಕ್ಕಿಸಬಹುದು. ನಿಧಾನವಾಗಿ, ಬಾಯಿ ಅಗಲಿಸಿ ಮಾತಾಡಬೇಕು. ಕಥೆ ಹೇಳಿಸಬೇಡಿ, ಅಂಗಡಿ ಮಾತಿನಿಂದ ಶುರು ಮಾಡಿ: ‘ಎಷ್ಟು ಕೆಜಿ?’, ‘ಚಿಲ್ಲರೆ ಕೊಡಿ’. ಪ ಮತ್ತು ಬ, ಕ ಮತ್ತು ಗ ಒಂದೇ ಥರ ಕೇಳಿಸುತ್ತವೆ, ಹ ಅಂತೂ ಕಷ್ಟ. ‘ಹತ್ತು’ ಹೋಗಿ ‘ಅತ್ತು’ ಆಗುತ್ತದೆ. ಆಗಲಿ ಬಿಡಿ, ಹಾಗೆ ಮಾತಾಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರಲ್ವಾ? ಗಿರಾಕಿ ಕೇಳಿದರೆ ಅಪ್ಪನ ಬದಲು ನೀವು ಉತ್ತರ ಕೊಡಬೇಡಿ.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಲ್ಲಿ ಸ್ಪೀಚ್ ಥೆರಪಿ ಕೇಳಿ ನೋಡಿ. ಮೈಸೂರಿನಲ್ಲಿ 1965ರಿಂದಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಯಾವ ದಾರಿ ಆರಿಸಿಕೊಂಡರೂ ಒಂದು ಚೀಟಿ ಬರೆದು ಅಪ್ಪನ ಜೇಬಲ್ಲಿಡಿ: ‘ನಾನು ಕುತ್ತಿಗೆಯ ತೂತಿನಿಂದಲೇ ಉಸಿರಾಡುತ್ತೇನೆ. ಆಕ್ಸಿಜನ್ ಅಲ್ಲಿಗೇ ಕೊಡಿ, ಮೂಗು ಬಾಯಿಗೆ ಅಲ್ಲ.’ ಆಂಬುಲೆನ್ಸ್‌ನವರಿಗೂ ಇದು ತಟ್ಟನೆ ಹೊಳೆಯುವುದಿಲ್ಲ.