ಆಲ್ಫಾ ಜಲಾಂತರ್ಗಾಮಿಯ ಕರಗಿದ ಲೋಹದ ರಿಯಾಕ್ಟರ್: ಗಟ್ಟಿಯಾದರೆ ಏನಾಗುತ್ತಿತ್ತು, ಏಳೇ ಕಟ್ಟಿ ನಿಲ್ಲಿಸಿದ್ದೇಕೆ?

ನೀವು ಕೇಳಿರುವುದು ಮೂರು ಪ್ರಶ್ನೆ. ಸೋವಿಯತ್ ಆಲ್ಫಾ ಜಲಾಂತರ್ಗಾಮಿಯ ರಿಯಾಕ್ಟರ್‌ನಲ್ಲಿ ನೀರಿನ ಬದಲು ಕರಗಿದ ಸೀಸ ಹರಿಯುತ್ತಿತ್ತು ಅನ್ನುವುದು ನಿಜವೇ? ಅದು ತಣ್ಣಗಾಗಿ ಗಟ್ಟಿಯಾದರೆ ಏನು ಗತಿ? ಅಷ್ಟು ವೇಗದ ಹಡಗನ್ನು ಏಳೇ ಕಟ್ಟಿ ಯಾಕೆ ನಿಲ್ಲಿಸಿದರು?

ನಿಜ, ಆದರೆ ಬರೀ ಸೀಸವಲ್ಲ, ಸೀಸ ಮತ್ತು ಬಿಸ್ಮತ್ ಸೇರಿದ ಮಿಶ್ರಲೋಹ. ಗಟ್ಟಿಯಾದರೆ ಆ ರಿಯಾಕ್ಟರ್ ಬಹುತೇಕ ಮುಗಿದಂತೆಯೇ. ಇನ್ನು ನಿಲ್ಲಿಸಿದ್ದರ ಕಾರಣ ಹುಡುಕಬೇಕಾದ್ದು ಬಂದರಿನಲ್ಲಿ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ವಿವರಿಸುತ್ತೇನೆ.

ಆಲ್ಫಾ ಎನ್ನುವುದು ನೇಟೊ ಇಟ್ಟ ಹೆಸರು. ಸೋವಿಯತ್ ದಾಖಲೆಗಳಲ್ಲಿ ಇದು ಪ್ರಾಜೆಕ್ಟ್ 705, ಲೀರಾ. ವಿನ್ಯಾಸ ಮಾಡಿದ್ದು ಲೆನಿನ್‌ಗ್ರಾಡ್‌ನ ಎಸ್‌ಕೆಬಿ-143, ಅಂದರೆ ಮುಂದೆ ಮಲಾಖೀಟ್ ಎಂದಾದ ಸಂಸ್ಥೆ. ಮುಖ್ಯ ವಿನ್ಯಾಸಕಾರ ಮಿಖಾಯಿಲ್ ರುಸಾನೊವ್. 1960ರಲ್ಲಿ ಕೆಲಸಕ್ಕೆ ಒಪ್ಪಿಗೆ ಸಿಕ್ಕಿತು. ನಾಲ್ಕು ಹಡಗು ಲೆನಿನ್‌ಗ್ರಾಡ್‌ನಲ್ಲಿ, ಮೂರು ಸೆವೆರೊದ್ವಿನ್ಸ್ಕ್‌ನಲ್ಲಿ ತಯಾರಾದವು. ಇದರ ಮೂಲ ಕಲ್ಪನೆ ಯುದ್ಧವಿಮಾನದ ಇಂಟರ್ಸೆಪ್ಟರ್‌ನದ್ದು: ಬಂದರಿನಲ್ಲಿ ಸಿದ್ಧವಾಗಿ ನಿಂತಿರಬೇಕು, ಶತ್ರುವಿನ ಸುಳಿವು ಸಿಕ್ಕ ಕೂಡಲೇ ನುಗ್ಗಿ ಹೋಗಿ ಹೊಡೆದು ಬರಬೇಕು. ತಿಂಗಳುಗಟ್ಟಲೆ ಸದ್ದಿಲ್ಲದೆ ಕಾಯುವ ಹಡಗು ಇದಲ್ಲ.

ನೀರಿನಡಿಯಲ್ಲಿ ವೇಗ ಹೆಚ್ಚಿಸುವುದು ದುಬಾರಿ ಬಾಬತ್ತು. ಬೇಕಾಗುವ ಶಕ್ತಿ ಸರಿಸುಮಾರು ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. 30 ನಾಟ್‌ನಿಂದ 41 ನಾಟ್‌ಗೆ ಹೋಗಬೇಕೆಂದರೆ ಎರಡೂವರೆ ಪಟ್ಟು ಶಕ್ತಿ ಬೇಕು (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). ದೊಡ್ಡ ರಿಯಾಕ್ಟರ್ ಇಟ್ಟರೆ ಹಡಗೂ ದೊಡ್ಡದಾಗುತ್ತದೆ, ನೀರಿಗೆ ತಾಗುವ ಮೈ ಹೆಚ್ಚುತ್ತದೆ, ಮತ್ತೆ ಶಕ್ತಿ ಸಾಲದು. ಈ ಸುಳಿಯಿಂದ ಹೊರಬರಲು ರುಸಾನೊವ್ ತಂಡ ಹಡಗನ್ನೇ ಕುಗ್ಗಿಸಿತು. ಮುಳುಗಿದಾಗಿನ ತೂಕ ಸುಮಾರು 3,200 ಟನ್, ಉದ್ದ ಸುಮಾರು 80 ಮೀಟರ್. ಅದೇ ಕಾಲದ ಅಮೆರಿಕದ ಲಾಸ್ ಏಂಜಲೀಸ್ ಸರಣಿಯ ಹಡಗು ಸುಮಾರು 6,900 ಟನ್, 110 ಮೀಟರ್. ಆಲ್ಫಾದೊಳಗೆ ಒಂದೇ ರಿಯಾಕ್ಟರ್ (ಉಷ್ಣಶಕ್ತಿ 155 ಮೆಗಾವ್ಯಾಟ್), ಒಂದೇ ಟರ್ಬೈನ್ (40,000 ಅಶ್ವಶಕ್ತಿ), ಒಂದೇ ಪ್ರೊಪೆಲ್ಲರ್. ಎಲ್ಲದಕ್ಕೂ ಎರಡೆರಡು ಇಡುವ ಸೋವಿಯತ್ ಪದ್ಧತಿಯನ್ನು ಇಲ್ಲಿ ಬಿಟ್ಟುಕೊಟ್ಟಿದ್ದೇ ದೊಡ್ಡ ಧೈರ್ಯ. ಪ್ರೊಪೆಲ್ಲರ್ ಕೈಕೊಟ್ಟರೆ ಇರಲಿ ಅಂತ ಹಿಂಬದಿಯ ಅಡ್ಡ ರೆಕ್ಕೆಗಳಲ್ಲಿ 100 ಕಿಲೋವ್ಯಾಟ್‌ನ ಎರಡು ವಿದ್ಯುತ್ ಮೋಟಾರುಗಳನ್ನು ಪುಟ್ಟ ಪ್ರೊಪೆಲ್ಲರ್ ಸಮೇತ ಕೂಡಿಸಿದ್ದರು. ವಿದ್ಯುತ್ ಜಾಲ 50 ಹರ್ಟ್ಸ್‌ನದ್ದಲ್ಲ, 400 ಹರ್ಟ್ಸ್‌ನದ್ದು. ಆವರ್ತನ ಹೆಚ್ಚಾದಷ್ಟೂ ಟ್ರಾನ್ಸ್‌ಫಾರ್ಮರ್, ಮೋಟಾರುಗಳ ಕಬ್ಬಿಣದ ತಿರುಳು ಚಿಕ್ಕದಾಗಿ ತೂಕ ಉಳಿಯುತ್ತದೆ ಅನ್ನುವ ಲೆಕ್ಕ.

ಹಡಗು ಕುಗ್ಗಿದ ಮೇಲೆ ಜನರೂ ಕಡಿಮೆಯಾಗಬೇಕಲ್ಲ. ಒಳಗಿದ್ದವರು ಸುಮಾರು 30 ಮಂದಿ, ಬಹುತೇಕ ಎಲ್ಲರೂ ಅಧಿಕಾರಿಗಳು. ಲಾಸ್ ಏಂಜಲೀಸ್‌ನಲ್ಲಿ ಸುಮಾರು 130. ರಿಯಾಕ್ಟರ್, ಚುಕ್ಕಾಣಿ, ಸೋನಾರ್, ಟಾರ್ಪೆಡೊ ಎಲ್ಲವೂ ಒಂದೇ ನಿಯಂತ್ರಣ ಕೊಠಡಿಯಿಂದ ನಡೆಯುತ್ತಿದ್ದವು. ಆರು ವಿಭಾಗಗಳಲ್ಲಿ ಜನ ಕಾಯಂ ಇರುತ್ತಿದ್ದದ್ದು ಮೂರನೆಯದರಲ್ಲಿ ಮಾತ್ರ. ಅದರ ಎರಡೂ ಬದಿಗೆ ಗೋಳಾಕಾರದ ತಡೆಗೋಡೆ, ಮೇಲೆ ಇಡೀ ಸಿಬ್ಬಂದಿ ಹಿಡಿಸುವ ರಕ್ಷಣಾ ಕೋಶ. ಆದರೆ 30 ಜನ ಹಡಗು ನಡೆಸಬಹುದೇ ಹೊರತು ರಿಪೇರಿ ಮಾಡುತ್ತ ಕೂರಲಾಗದು. ಹಾಗಾಗಿ ನಿರ್ವಹಣೆಯೆಲ್ಲ ದಡದಲ್ಲಿ, ಬೇರೆ ತಂಡದ ಕೈಯಲ್ಲಿ ಅಂತ ತೀರ್ಮಾನವಾಯಿತು. ಈ ತೀರ್ಮಾನವನ್ನು ನೆನಪಿಟ್ಟುಕೊಳ್ಳಿ, ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಈಗ ರಿಯಾಕ್ಟರ್. ಸಾಮಾನ್ಯ ಜಲಾಂತರ್ಗಾಮಿಯಲ್ಲಿ ತಿರುಳಿನ, ಅಂದರೆ ರಿಯಾಕ್ಟರ್ ಒಳಗೆ ಇಂಧನವಿರುವ ಭಾಗದ, ಶಾಖ ಹೊರತರುವುದು ನೀರು. ಆ ನೀರು ಕುದಿಯಬಾರದೆಂದರೆ 150 ವಾಯುಮಂಡಲಕ್ಕೂ ಮೇಲಿನ ಒತ್ತಡದಲ್ಲಿ ಅದುಮಿಡಬೇಕು. ಅದಕ್ಕೆ ದಪ್ಪ ಉಕ್ಕಿನ ಪಾತ್ರೆ, ಭಾರ. (ನಮ್ಮ ಕೈಗಾದಲ್ಲೂ ಒತ್ತಡದಲ್ಲಿರುವ ನೀರೇ, ಅದು ಭಾರಜಲ ಅಷ್ಟೆ.) ಸೀಸ–ಬಿಸ್ಮತ್ ಕುದಿಯುವುದು ಸುಮಾರು 1,670 ಡಿಗ್ರಿಯಲ್ಲಿ. ರಿಯಾಕ್ಟರ್‌ನ ಉಷ್ಣತೆ ಅದರ ಹತ್ತಿರವೂ ಸುಳಿಯುವುದಿಲ್ಲವಾದ್ದರಿಂದ ಒತ್ತಡವೇ ಬೇಡ. ಪಾತ್ರೆ ತೆಳುವಾಯಿತು, ಹಬೆ ಇನ್ನಷ್ಟು ಬಿಸಿಯಾಗಿ ಸಿಕ್ಕಿತು, ಶಕ್ತಿಯನ್ನು ಸರಕ್ಕನೆ ಏರಿಸಲೂ ಸಾಧ್ಯವಾಯಿತು. ಸೋಡಿಯಂನಂತೆ ಇದು ನೀರು ತಾಗಿದ ಕೂಡಲೇ ಹೊತ್ತಿಕೊಳ್ಳುವುದೂ ಇಲ್ಲ. ಆಲ್ಫಾ ಸುಮಾರು ಒಂದು ನಿಮಿಷದಲ್ಲಿ ಪೂರ್ಣ ವೇಗಕ್ಕೆ ಬರುತ್ತಿತ್ತು ಎಂದು ರಷ್ಯನ್ ಬರಹಗಳು ಹೇಳುತ್ತವೆ. ಪೂರ್ಣ ವೇಗ ಅಂದರೆ 41 ನಾಟ್, ಗಂಟೆಗೆ 76 ಕಿಲೋಮೀಟರ್. ರಿಯಾಕ್ಟರ್‌ನಲ್ಲಿ ಎರಡು ಮಾದರಿ ಇದ್ದವು: ಲೆನಿನ್‌ಗ್ರಾಡ್ ಹಡಗುಗಳಿಗೆ ಓಕೆ-550, ಸೆವೆರೊದ್ವಿನ್ಸ್ಕ್‌ನವಕ್ಕೆ ಬಿಎಂ-40ಎ.

ಈ ಮಿಶ್ರಲೋಹದಲ್ಲಿ ಸುಮಾರು 44.5% ಸೀಸ, 55.5% ಬಿಸ್ಮತ್. ಈ ಪ್ರಮಾಣ ಆರಿಸಿದ್ದಕ್ಕೆ ಕಾರಣವಿದೆ: ಬರೀ ಸೀಸ ಕರಗಲು 327 ಡಿಗ್ರಿ ಬೇಕು, ಬರೀ ಬಿಸ್ಮತ್‌ಗೆ 271, ಈ ಪ್ರಮಾಣದಲ್ಲಿ ಬೆರೆಸಿದರೆ ಸುಮಾರು 125 ಸಾಕು. ಆದರೆ ಅದಕ್ಕಿಂತ ಕೆಳಗಿಳಿದರೆ ಗಟ್ಟಿ. ಆರ್ಕ್‌ಟಿಕ್ ಬಂದರಿನಲ್ಲಿ ನಿಂತ ಹಡಗಿಗೆ 125 ಡಿಗ್ರಿ ಅನ್ನುವುದೇನು ಕಡಿಮೆಯಲ್ಲ.

ಗಟ್ಟಿಯಾಗುವುದು ಒಮ್ಮೆಲೇ ಅಲ್ಲ. ಮೊದಲು ಹರಿವಿಲ್ಲದ ಮೂಲೆಗಳು, ಸಣ್ಣ ಕೊಳವೆಗಳು, ವಾಲ್ವ್‌ಗಳು ಹೆಪ್ಪುಗಟ್ಟುತ್ತವೆ, ಆಮೇಲೆ ಲೋಹದ ಶಾಖದಿಂದ ಹಬೆ ತಯಾರಿಸುವ ಸ್ಟೀಮ್ ಜನರೇಟರ್‌ನ ತಣ್ಣನೆಯ ತುದಿ. ಹರಿವು ನಿಂತಿತೆಂದರೆ ಉಳಿದದ್ದೂ ಅದೇ ದಾರಿ ಹಿಡಿಯುತ್ತದೆ. ಹಾಗಾದರೆ ಮತ್ತೆ ಬಿಸಿ ಮಾಡಿ ಕರಗಿಸಬಾರದೇ ಎಂದು ಬಹಳ ಜನ ಕೇಳುತ್ತಾರೆ. ಚಳಿಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿನೀರಲ್ಲಿಟ್ಟರೆ ಏನೂ ಆಗುವುದಿಲ್ಲ, ಕರಗಿದ ಎಣ್ಣೆ ಹಿಗ್ಗಲು ಮೇಲೆ ಜಾಗ ಇರುತ್ತದೆ. ರಿಯಾಕ್ಟರ್ ಕೊಳವೆಯಲ್ಲಿ ಎರಡೂ ಕಡೆ ಗಟ್ಟಿ ಲೋಹದ ಬಿರಡೆ ಇದ್ದು ನಡುವಿನದ್ದು ಮಾತ್ರ ಕರಗಿದರೆ ಅದಕ್ಕೆ ಹಿಗ್ಗಲು ಜಾಗವಿಲ್ಲ, ಕೊಳವೆಯೇ ಬಿರಿಯುತ್ತದೆ. ಹಾಗಾಗಿ ತೆರೆದ ಮೇಲ್ಮೈ ಇರುವ ಕಡೆಯಿಂದ ಶುರುಮಾಡಿ ಒಂದೊಂದೇ ಹಂತ ಕರಗಿಸುತ್ತ ಹೋಗಬೇಕು. ಅದಕ್ಕೆ ಪ್ರತಿ ಕೊಳವೆಗೂ ಪ್ರತ್ಯೇಕವಾಗಿ ಬಿಸಿ ಹಾಯಿಸುವ ವ್ಯವಸ್ಥೆ ಕೆಟ್ಟಿರಬಾರದು. ಸಾಲದ್ದಕ್ಕೆ, ಗಟ್ಟಿಯಾದ ಈ ಮಿಶ್ರಲೋಹ ಒಳಗೊಳಗೇ ಹರಳು ಬದಲಿಸಿಕೊಂಡು ನಿಧಾನವಾಗಿ ಹಿಗ್ಗುತ್ತದೆ ಕೂಡ. ಬಿಟ್ಟಷ್ಟೂ ಕೊಳವೆಗಳ ಮೇಲೆ ಒತ್ತಡ ಏರುತ್ತದೆ.

ಗಟ್ಟಿಯಾಗುವುದಕ್ಕಿಂತ ಕಡಿಮೆ ಸುದ್ದಿಯಾದ, ಆದರೆ ಅಷ್ಟೇ ಕಾಟ ಕೊಟ್ಟ ಸಂಗತಿ ಆಮ್ಲಜನಕದ್ದು. ಕರಗಿದ ಲೋಹದಲ್ಲಿ ಅದು ಹೆಚ್ಚಾದರೆ ಸೀಸದ ಆಕ್ಸೈಡ್ ಕಿಟ್ಟವಾಗಿ ಬೇರ್ಪಟ್ಟು ತಣ್ಣನೆಯ ಕಡೆ ಕೂರುತ್ತದೆ, ಇಂಧನದ ನಡುವಿನ ಸಂದುಗಳನ್ನು ಮುಚ್ಚುತ್ತದೆ. ಕಡಿಮೆಯಾದರೆ ಉಕ್ಕಿನ ಮೇಲಿರುವ ರಕ್ಷಕ ಪೊರೆ ಉಳಿಯುವುದಿಲ್ಲ. ಉಕ್ಕಿನಲ್ಲಿರುವ ನಿಕ್ಕಲ್, ಕಬ್ಬಿಣ ನಿಧಾನವಾಗಿ ದ್ರವಲೋಹದಲ್ಲಿ ಕರಗಿಹೋಗುತ್ತವೆ. ಎರಡರ ನಡುವಿನ ಕಿರಿದಾದ ಪಟ್ಟಿಯಲ್ಲಿ ಯಾವಾಗಲೂ ನಿಲ್ಲಿಸಬೇಕು. ಇದರ ಬೆಲೆ ಆಲ್ಫಾಕ್ಕಿಂತ ಮೊದಲೇ ತೆತ್ತಾಗಿತ್ತು. ಇದೇ ಮಿಶ್ರಲೋಹದ ಎರಡು ರಿಯಾಕ್ಟರ್ ಹೊತ್ತ ಪ್ರಾಯೋಗಿಕ ಹಡಗು ಕೆ-27ರಲ್ಲಿ 1968ರ ಮೇ 24ರಂದು ಕಿಟ್ಟ ಕಟ್ಟಿಕೊಂಡು ತಿರುಳಿನ ಒಂದು ಭಾಗಕ್ಕೆ ಹರಿವು ನಿಂತಿತು, ಇಂಧನ ಸುಟ್ಟಿತು, ವಿಕಿರಣಕ್ಕೆ ಸಿಕ್ಕಿ 9 ನಾವಿಕರು ತೀರಿಕೊಂಡರು. ಆ ಹಡಗನ್ನು ಕೊನೆಗೆ ಕಾರಾ ಸಮುದ್ರದಲ್ಲಿ, ನೊವಾಯಾ ಜೆಮ್ಲ್ಯಾ ಬಳಿ ಸುಮಾರು 33 ಮೀಟರ್ ಆಳದಲ್ಲಿ ಮುಳುಗಿಸಿದರು. ಇಂದಿಗೂ ಅಲ್ಲೇ ಇದೆ.

ಬಿಸ್ಮತ್‌ನಿಂದ ಇನ್ನೊಂದು ತೊಂದರೆ. ಬಿಸ್ಮತ್-209 ಒಂದು ನ್ಯೂಟ್ರಾನ್ ನುಂಗಿ ಬಿಸ್ಮತ್-210 ಆಗುತ್ತದೆ, ಅದು ಸುಮಾರು 5 ದಿನದ ಅರ್ಧಾಯುಷ್ಯದಲ್ಲಿ (ಅರ್ಧದಷ್ಟು ಬದಲಾಗಲು ಹಿಡಿಯುವ ಕಾಲ) ವಿಕಿರಣಶೀಲ ಪೊಲೋನಿಯಂ-210 ಆಗುತ್ತದೆ. ಪೊಲೋನಿಯಂನ ಅರ್ಧಾಯುಷ್ಯ 138 ದಿನ. ಅದು ಹೊರಸೂಸುವ ಆಲ್ಫಾ ಕಣ (ಇದು ವಿಕಿರಣದ ಒಂದು ಬಗೆ, ಹಡಗಿನ ಹೆಸರಿಗೆ ಸಂಬಂಧವಿಲ್ಲ) ಚರ್ಮ ದಾಟುವುದಿಲ್ಲ, ಆದರೆ ಉಸಿರಲ್ಲಿ ಹೋದರೆ ಪ್ರಾಣಾಪಾಯ. ಲೋಹ ಕೊಳವೆಯೊಳಗೇ ಇರುವತನಕ ಚಿಂತೆಯಿಲ್ಲ, ರಿಪೇರಿಗೆ ಬಿಚ್ಚಿದರೆ ಅಥವಾ ಸೋರಿದರೆ ತೊಂದರೆ.

ಲೋಹ ಗಟ್ಟಿಯಾಗುವುದು, ಸೋರುವುದು ಎರಡೂ ನಡೆದವು. ಮೊದಲ ಹಡಗು ಕೆ-64 ನೌಕಾಪಡೆಗೆ ಸೇರಿದ್ದು 1971ರ ಡಿಸೆಂಬರ್‌ನಲ್ಲಿ. 1972ರಲ್ಲಿ ಅದರ ಪ್ರಾಥಮಿಕ ಸುತ್ತಿನ, ಅಂದರೆ ತಿರುಳಿನ ಮೂಲಕ ಹರಿಯುವ, ಲೋಹ ಗಟ್ಟಿಯಾಯಿತು, 1974ಕ್ಕೆ ಸೇವೆಯಿಂದ ತೆಗೆದರು. ಉಳಿದ ಆರು ಬಂದದ್ದು 1977ರಿಂದ 1981ರ ನಡುವೆ. ಆ ಪೈಕಿ ಕೆ-123ರಲ್ಲಿ 1982ರ ಏಪ್ರಿಲ್ 8ರಂದು ಬ್ಯಾರೆಂಟ್ಸ್ ಸಮುದ್ರದಲ್ಲಿ ಸ್ಟೀಮ್ ಜನರೇಟರ್ ಕೆಟ್ಟು ಸುಮಾರು 2 ಟನ್ ಲೋಹ ರಿಯಾಕ್ಟರ್ ವಿಭಾಗಕ್ಕೆ ಚೆಲ್ಲಿತು. ಎರಡು ಟನ್ ಅಂದರೆ ಬಹಳ ಅನ್ನಿಸಬಹುದು, ಆದರೆ ಈ ಲೋಹ ಲೀಟರಿಗೆ 10 ಕಿಲೋ ತೂಗುತ್ತದೆ, ಗಾತ್ರದಲ್ಲಿ ಅದು 200 ಲೀಟರಿನ ಒಂದು ಡ್ರಮ್ಮಿನಷ್ಟು. ಆ ವಿಭಾಗವನ್ನೇ ಕತ್ತರಿಸಿ ತೆಗೆದು ಹೊಸದನ್ನು ಕೂಡಿಸಿದರು. ಹಡಗು ಮತ್ತೆ ಕೆಲಸಕ್ಕೆ ಬರುವಷ್ಟರಲ್ಲಿ ಸುಮಾರು ಹತ್ತು ವರ್ಷ ಕಳೆದಿತ್ತು.

ಇಷ್ಟಾದರೂ ನಾನು ರಿಯಾಕ್ಟರ್ ಒಂದನ್ನೇ ದೂರುವುದಿಲ್ಲ. ಈ ಹಡಗುಗಳ ನೆಲೆ ಕೋಲಾ ಪರ್ಯಾಯ ದ್ವೀಪದ ಜಾಪಾದ್ನಾಯಾ ಲಿತ್ಸಾ. ವಿನ್ಯಾಸದ ಪ್ರಕಾರ ಹಡಗು ಬಂದು ಕಟ್ಟಿದ ಕೂಡಲೇ ದಡದಿಂದ ಹಬೆ ಕೊಟ್ಟು ಲೋಹವನ್ನು ಕರಗಿದ ಸ್ಥಿತಿಯಲ್ಲಿಡಬೇಕು, ಆಗ ರಿಯಾಕ್ಟರ್ ನಿಲ್ಲಿಸಿ ದಡದ ತಂಡ ಒಳಹೊಕ್ಕು ನಿರ್ವಹಣೆ ಮಾಡಬೇಕು. ಅದಕ್ಕೆಂದು ಹಬೆಯ ಸ್ಥಾವರ ಕಟ್ಟಿದರು, ಹಬೆ ಕೊಡಲು ಒಂದು ಹಡಗನ್ನೂ ಪಕ್ಕದಲ್ಲಿ ನಿಲ್ಲಿಸಿದರು. ಆದರೆ ಜಲಾಂತರ್ಗಾಮಿಗೆ ಸುರಿದಷ್ಟು ಹಣ, ಗಮನ ದಡಕ್ಕೆ ಸಿಗಲಿಲ್ಲ. ಹಬೆ ಪದೇಪದೇ ಕೈಕೊಟ್ಟಿತು, 1980ರ ದಶಕದ ಆರಂಭದಲ್ಲಿ ಪೂರ್ತಿ ನಿಂತೇಹೋಯಿತು. ಆಮೇಲೆ ಇದ್ದದ್ದು ಒಂದೇ ದಾರಿ: ಬಂದರಿನಲ್ಲೂ ರಿಯಾಕ್ಟರ್ ಸಣ್ಣಗೆ ಉರಿಸುತ್ತಲೇ ಇರುವುದು. ಅಂದರೆ ಸಿಬ್ಬಂದಿ ಹಗಲೂ ರಾತ್ರಿ ಒಳಗೇ ಇರಬೇಕು. ಉರಿಯುತ್ತಿರುವ ರಿಯಾಕ್ಟರ್‌ನ ವಿಭಾಗಕ್ಕೆ ಹೋಗಿ ದೊಡ್ಡ ರಿಪೇರಿ ಮಾಡುವಂತಿಲ್ಲ, ಸಣ್ಣ ದೋಷಗಳು ಬೆಳೆಯುತ್ತ ಹೋದವು. ಸಮುದ್ರದಲ್ಲಿ ಓಡಿದ್ದಕ್ಕಿಂತ ನಿಂತಲ್ಲೇ ಸವೆದದ್ದು ಹೆಚ್ಚು ಎಂದರೂ ತಪ್ಪಾಗದು. ಹಡಗಿನಲ್ಲಿ ಜನ ಕಡಿಮೆ ಮಾಡಿ ಕೆಲಸವನ್ನು ದಡಕ್ಕೆ ಹೊರಿಸಿದಾಗ ಆ ದಡವೂ ವಿನ್ಯಾಸದ ಒಂದು ಭಾಗವೇ. ಆ ಭಾಗವನ್ನು ಅವರು ಕಟ್ಟಿ ಮುಗಿಸಲೇ ಇಲ್ಲ.

ಟೈಟಾನಿಯಂ ಬಗ್ಗೆಯೂ ಹೇಳಬೇಕು. ಒತ್ತಡ ತಾಳುವ ಕವಚ ಪೂರ್ತಿ ಟೈಟಾನಿಯಂ ಮಿಶ್ರಲೋಹದ್ದು. ಉಕ್ಕಿನ ಸಾಂದ್ರತೆ 7.8, ಇದರದ್ದು 4.5. ತುಕ್ಕು ಹಿಡಿಯದು, ಅಯಸ್ಕಾಂತೀಯವೂ ಅಲ್ಲ. ಕಷ್ಟವೆಲ್ಲ ಬೆಸುಗೆಯಲ್ಲಿ. ಕಾದ ಟೈಟಾನಿಯಂ ಗಾಳಿಯ ಆಮ್ಲಜನಕ, ಸಾರಜನಕ, ತೇವಾಂಶದ ಜಲಜನಕವನ್ನು ಹೀರಿಕೊಂಡು ಗಾಜಿನಂತೆ ಪೆಡಸಾಗುತ್ತದೆ. ಆದ್ದರಿಂದ ಬೆಸುಗೆಯ ಮುಂಬದಿಗೆ ಮಾತ್ರವಲ್ಲ, ಹಿಂಬದಿಗೂ ಆರ್ಗಾನ್ ಹಾಯಿಸಬೇಕು, ಲೋಹ ಸುಮಾರು 400 ಡಿಗ್ರಿಗಿಂತ ಕೆಳಗೆ ಇಳಿಯುವತನಕ ನಿಲ್ಲಿಸಬಾರದು. ಸರಿಯಾಗಿದೆಯೇ ಎಂದು ಬಣ್ಣವೇ ಹೇಳುತ್ತದೆ: ಬೆಳ್ಳಿಯಂತೆ ಹೊಳೆದರೆ ಚೆನ್ನ, ತಿಳಿ ಹುಲ್ಲುಬಣ್ಣ ಬಂದರೆ ನಡೆಯುತ್ತದೆ, ನೀಲಿಗೆ ತಿರುಗಿದರೆ ಅನುಮಾನ, ಬೂದು ಪುಡಿ ಕಂಡರೆ ಕೆತ್ತಿ ತೆಗೆದು ಮತ್ತೆ ಮಾಡಬೇಕು. ಬೆರಳಿನ ಜಿಡ್ಡು ಅಂಟಿದರೂ ಬಿರುಕಿಗೆ ದಾರಿ. ಜೊತೆಗೆ, ಟೈಟಾನಿಯಂಗೆ ತಾಗಿದ ಉಕ್ಕು, ಹಿತ್ತಾಳೆಯ ಭಾಗಗಳು ಸಮುದ್ರದ ನೀರಿನಲ್ಲಿ ಬೇಗ ತಿನ್ನಿಸಿಕೊಳ್ಳುತ್ತವೆ, ಹಾಗಾಗಿ ಪ್ರತಿ ಜೋಡಣೆಯಲ್ಲೂ ನಿರೋಧಕ ಪದರ ಬೇಕು.

ಟೈಟಾನಿಯಂ ಅಂದಮೇಲೆ ಬಹಳ ಆಳಕ್ಕೆ ಹೋಗುತ್ತಿತ್ತು ಎಂದು ಹಲವೆಡೆ ಬರೆದಿರುವುದನ್ನು ನಂಬಬೇಡಿ. ಆಲ್ಫಾದ ಆಳ ಸುಮಾರು 400 ಮೀಟರ್ ಅಷ್ಟೆ, ಟೈಟಾನಿಯಂ ಬಳಸಿದ್ದು ತೂಕ ಇಳಿಸಲು. 1984ರಲ್ಲಿ 1,020 ಮೀಟರ್ ಇಳಿದದ್ದು ಕೆ-278 ಕೊಮ್ಸೊಮೊಲೆಟ್ಸ್. ಅದು ಬೇರೆಯೇ ಹಡಗು, ಅದರಲ್ಲಿ ಇದ್ದದ್ದು ನೀರಿನ ರಿಯಾಕ್ಟರ್. ವೇಗದ ದಾಖಲೆಯೂ ಆಲ್ಫಾದ್ದಲ್ಲ. 1970ರಲ್ಲಿ 44.7 ನಾಟ್ ಓಡಿದ ಪ್ರಾಜೆಕ್ಟ್ 661ರ ಒಂಟಿ ಹಡಗು ಕೆ-162ರದ್ದು.

ಆ ವೇಗದಿಂದ ಏನು ಲಾಭವಾಯಿತು? 55 ನಾಟ್‌ನ ಟಾರ್ಪೆಡೊ 5 ಕಿಲೋಮೀಟರ್ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿದೆ ಅಂದುಕೊಳ್ಳಿ. 41 ನಾಟ್‌ನಲ್ಲಿ ಓಡುವ ಆಲ್ಫಾವನ್ನು ಅದು ಮುಟ್ಟಲು ಹನ್ನೊಂದು ನಿಮಿಷಕ್ಕೂ ಹೆಚ್ಚು ಬೇಕು, ಅಷ್ಟರಲ್ಲಿ ಟಾರ್ಪೆಡೊ ತಾನೇ ಸುಮಾರು 20 ಕಿಲೋಮೀಟರ್ ಓಡಿರಬೇಕು. ಅಮೆರಿಕ ಮಾರ್ಕ್ 48 ಟಾರ್ಪೆಡೊವನ್ನು ಸುಧಾರಿಸಿದ್ದಕ್ಕೆ, ಬ್ರಿಟನ್ ಸ್ಪಿಯರ್‌ಫಿಶ್ ತಯಾರಿಸಿದ್ದಕ್ಕೆ ಆಲ್ಫಾದ ಭಯವೂ ಒಂದು ಕಾರಣ. ಅವು ಬಂದ ಮೇಲೆ ಓಡಿ ತಪ್ಪಿಸಿಕೊಳ್ಳುವ ಅನುಕೂಲ ಕರಗಿತು, ಪೂರ್ಣ ವೇಗದ ಗದ್ದಲ ಮಾತ್ರ ಉಳಿಯಿತು. 1990ರ ಹೊತ್ತಿಗೆ ಐದು ಹಡಗುಗಳನ್ನು ಸೇವೆಯಿಂದ ತೆಗೆದರು, ಕೆ-123 ಮಾತ್ರ 1996ರತನಕ ಇತ್ತು.

ಆಮೇಲಿನ ಪ್ರಾಜೆಕ್ಟ್ 971 ಉಕ್ಕಿನ ಕವಚ, ನೀರಿನ ರಿಯಾಕ್ಟರ್, ಕಡಿಮೆ ಸದ್ದಿನ ದಾರಿಗೆ ಮರಳಿತು. ಅದೇ ಸರಣಿಯ ನೆರ್ಪಾವನ್ನು ಭಾರತ ಗುತ್ತಿಗೆಗೆ ಪಡೆದು 2012ರಿಂದ 2021ರವರೆಗೆ ಐಎನ್‌ಎಸ್ ಚಕ್ರ ಹೆಸರಿನಲ್ಲಿ ನಡೆಸಿದ್ದು. ಭಾರವಾದ ದ್ರವಲೋಹದ ವಿದ್ಯೆ ಮಾತ್ರ ನೆಲದ ಮೇಲೆ ಮುಂದುವರಿದಿದೆ. ರಷ್ಯಾದ ಸೆವೆರ್ಸ್ಕ್‌ನಲ್ಲಿ 2021ರಲ್ಲಿ ಕಟ್ಟಲು ಶುರುಮಾಡಿದ ಬ್ರೆಸ್ಟ್ ರಿಯಾಕ್ಟರ್‌ಗೆ ಬಿಸ್ಮತ್ ಬಿಟ್ಟು ಬರೀ ಸೀಸವನ್ನೇ ಆರಿಸಿದ್ದಾರೆ. ಪೊಲೋನಿಯಂ ಕಾಟ ಬಹಳ ಕಡಿಮೆಯಾಗುತ್ತದೆ, ಆದರೆ ಗಟ್ಟಿಯಾಗದಂತೆ ಕಾಯಬೇಕಾದ ಉಷ್ಣತೆ 125ರಿಂದ 327 ಡಿಗ್ರಿಗೆ ಏರುತ್ತದೆ.